ನಾಲ್ಕು ಜನ, ಒಂದು ಹಜಾರ, ಒಂದೂವರೆ ಗಂಟೆ

ಲೆಕ್ಕದ ಮೇಷ್ಟ್ರ ಮನೆಯ ಹಜಾರದಲ್ಲಿ, ಕಿಟಕಿಯ ಪಕ್ಕದ ಗೋಡೆಯ ಮೇಲೆ, ದುಂಡನೆಯ ಎಣ್ಣೆ ಕಲೆಯೊಂದಿತ್ತು. ಊಟದ ತಟ್ಟೆಯಷ್ಟು ಅಗಲ. ಅದರ ಸಂಪೂರ್ಣ ಶ್ರೇಯಸ್ಸು ಮೇಷ್ಟ್ರ ತಲೆಗೇ ಸಲ್ಲಬೇಕು. ಮದುವೆಯಾದಾಗಿನಿಂದ, ಅಂದರೆ ಇಪ್ಪತ್ತಾರು ವರ್ಷಗಳಿಂದ, ಅವರು ಆ ಗೋಡೆಗಂಟಿದ ಕುರ್ಚಿಯಲ್ಲಿ ಕೂತು, ತಲೆ ಹಿಂದಕ್ಕೊರಗಿಸಿ, ಕಣ್ಣು ಮುಚ್ಚಿ ಲೆಕ್ಕ ಹುಟ್ಟಿಸುತ್ತಿದ್ದರು. (ಲೆಕ್ಕ ಬಿಡಿಸುವವರು ಬೀದಿಗೆ ಹತ್ತು ಜನ ಸಿಗುತ್ತಾರೆ, ಹುಟ್ಟಿಸುವವರು ಸಿಗುವುದಿಲ್ಲ ಎಂಬುದು ಅವರ ಗಾಢ ನಂಬಿಕೆ.)

ಪ್ರವೇಶ ಪರೀಕ್ಷೆಗೆ ಓದುವ ಮಕ್ಕಳಿಗಾಗಿ ಅವರು ಬರೆದ ಸಂಭವನೀಯತೆಯ ಲೆಕ್ಕ, ಎಂಜಿನಿಯರಿಂಗ್ ಲೆಕ್ಕ, ಅರ್ಥಶಾಸ್ತ್ರದ ಲೆಕ್ಕ ಮೂರು ದಪ್ಪ ಸಂಪುಟಗಳಾಗಿ ಅಚ್ಚಾಗಿದ್ದವು. ಕಣ್ಣು ಕಟ್ಟಿಕೊಂಡು ಚೀಲದಿಂದ ಕೆಂಪು ಗೋಲಿ ತೆಗೆಯುವವರು, ಗೋಡೆಗೊರಗಿಸಿದ ಏಣಿಯಿಂದ ಜಾರಲು ಸಿದ್ಧರಾಗಿ ನಿಂತವರು, ಒಂದೇ ಕೆಲಸವನ್ನು ಬೇರೆ ಬೇರೆ ವೇಗದಲ್ಲಿ ಮುಗಿಸುವ 'ಅ' ಮತ್ತು 'ಬ', ಇವರೆಲ್ಲ ಮೇಷ್ಟ್ರ ಮಾನಸಪುತ್ರರು. ಖುದ್ದು ಮೇಷ್ಟ್ರು ಮಾತ್ರ ಜನ್ಮದಲ್ಲಿ ಏಣಿ ಹತ್ತಿದವರಲ್ಲ. ಇದನ್ನು ಮೊದಲು ಕಂಡುಹಿಡಿದವನು ಪ್ರಕಾಶನದ ಪರಿಶೀಲಕ. ಪ್ರತಿ ಅಧ್ಯಾಯ ಕಳಿಸಿದಾಗಲೂ ಅವನು ಫೋನ್ ಮಾಡಿ, "ಲೆಕ್ಕ ಸರಿ ಇದೆ ಸಾರ್, ಆದ್ರೆ ವಾಸ್ತವಕ್ಕೆ ದೂರ" ಎಂದು ಅವರ ಹೊಟ್ಟೆ ಉರಿಸುತ್ತಿದ್ದ. ಈಗ ನಾಲ್ಕನೆಯ ಸಂಪುಟಕ್ಕೆ ಒಂದಾದರೂ ವಾಸ್ತವದ ಲೆಕ್ಕ ಬೇಕೇ ಬೇಕು ಎಂದು ಪಟ್ಟು ಹಿಡಿದಿದ್ದ.

ಮೇಷ್ಟ್ರ ಚಿಂತೆ ಹಾಗಿದ್ದರೆ ಅವರ ಹೆಂಡತಿಯ ಚಿಂತೆ ಗೋಡೆಯ ಮೇಲಿತ್ತು. ಆಕೆ ದೊಡ್ಡ ಆಸ್ಪತ್ರೆಯ ಹೆಡ್ ನರ್ಸ್. ಬೀದಿಯವರೆಲ್ಲ ನರ್ಸಮ್ಮ ಎನ್ನುತ್ತಿದ್ದರು. ಅವರು ವಾರ್ಡಿಗೆ ಕಾಲಿಟ್ಟರೆ ಡಾಕ್ಟರುಗಳೇ ಕೈ ತೊಳೆಯಲು ಓಡುತ್ತಿದ್ದರು. ಅಂಥ ನರ್ಸಮ್ಮ ಹೆದರುತ್ತಿದ್ದುದು ಒಬ್ಬರಿಗೇ, ತಮ್ಮ ದೊಡ್ಡಕ್ಕನಿಗೆ. ಕಳೆದ ಸಲ ಬಂದಾಗ ದೊಡ್ಡಕ್ಕ ಆ ಕಲೆಯನ್ನು ಕನ್ನಡಕ ಏರಿಸಿ ನೋಡಿ, "ಇದಿನ್ನೂ ಇದೆಯೇನೇ?" ಎಂದು ಕೇಳಿ, ಕುರ್ಚಿಯ ಮೇಲೆ ತಮ್ಮ ಕರವಸ್ತ್ರ ಹಾಸಿಕೊಂಡು ಕೂತಿದ್ದರು. ನರ್ಸಮ್ಮನಿಗೆ ನಾಚಿಕೆಯಿಂದ ಭೂಮಿಗಿಳಿದು ಹೋಗುವಂತಾಗಿತ್ತು. ಆ ಕರವಸ್ತ್ರವನ್ನು ಅವರು ಎರಡು ವರ್ಷವಾದರೂ ಮರೆತಿರಲಿಲ್ಲ.

ಆದ್ದರಿಂದ, ಭಾನುವಾರ ಸಂಜೆ ನಾಲ್ಕಕ್ಕೆ ಬರುತ್ತೇನೆಂದು ದೊಡ್ಡಕ್ಕನ ಫೋನ್ ಬಂದ ಕೂಡಲೇ ನರ್ಸಮ್ಮ ಸೊಂಟ ಕಟ್ಟಿ ನಿಂತರು.

"ರೀ, ಪೇಂಟರ್‌ನ ಕರೆಸ್ತೀನಿ. ಅಕ್ಕ ಬರೋದ್ರೊಳಗೆ ಆ ಗೋಡೆ ಮೇಲೆ ಒಂದು ಚುಕ್ಕೆ ಕಾಣ್ಬಾರ್ದು. ಒಂದು ಸಲ, ಒಂದೇ ಒಂದು ಸಲ, ಅವಳು ಬಾಯಿ ಮುಚ್ಕೊಂಡು ಕಾಫಿ ಕುಡಿದು ಹೋಗ್ಬೇಕು."

"ಪೇಂಟರ್ ಯಾಕೆ? ಅವನು ಎರಡು ದಿನ ಎಳೀತಾನೆ. ನಾವೇ ಬಳಿಯೋಣ. ನೀನೊಬ್ಬಳೇ ಬಳಿದ್ರೆ ಎಷ್ಟು ಹೊತ್ತು ಬೇಕು?"

"ಇಡೀ ಹಜಾರಾನಾ? ಆರು ಗಂಟೆ."

"ನಿನ್ನ ತಮ್ಮ?"

"ಅವನು ಲಿಫ್ಟ್ ರಿಪೇರಿ ಮಾಡೋನು, ಕೈ ಚುರುಕು. ನಾಲ್ಕು ಗಂಟೆ ಸಾಕು."

"ಮಗಳಿಗೂ ಆರು ಅಂತಿಟ್ಕೊಳ್ಳೋಣ. ನನಗೆ ಹನ್ನೆರಡು." (ಈ ಹನ್ನೆರಡು ಕೇವಲ ವಿನಯದಿಂದ ಹೇಳಿದ್ದು. ಮನಸ್ಸಿನಲ್ಲಿ ಅವರು ಐದು ಎಂದೇ ನಂಬಿದ್ದರು.) "ಅಂದ್ರೆ ಕೆಲಸಾನ ಹನ್ನೆರಡು ಪಾಲು ಮಾಡಿದ್ರೆ, ಗಂಟೆಗೆ ನಂದು ಒಂದು ಪಾಲು, ನಿಂದು ಎರಡು, ಮಗಳದ್ದು ಎರಡು, ನಿನ್ನ ತಮ್ಮಂದು ಮೂರು. ಒಟ್ಟು ಎಂಟು. ಹನ್ನೆರಡು ಪಾಲು ಮುಗಿಯೋಕೆ ಬರೀ ಒಂದೂವರೆ ಗಂಟೆ!"

"ಸರಿ, ಬೆಳಿಗ್ಗೆ ಏಳಕ್ಕೇ ಶುರು ಮಾಡ್ಬಿಡೋಣ."

"ಏಳಕ್ಕೆ ಯಾಕೆ? ಹತ್ತಕ್ಕೆ ಶುರು, ಹನ್ನೊಂದೂವರೆಗೆ ಮುಕ್ತಾಯ. ಒಣಗೋಕೆ ನಾಲ್ಕು ಗಂಟೆ. ಮೂರೂವರೆಗೆ ಗೋಡೆ ರೆಡಿ. ನಿಮ್ಮಕ್ಕನಿಗೆ ಅಂತ ಅರ್ಧ ಗಂಟೆ ಬೇರೆ ಉಳಿಯುತ್ತೆ."

ನರ್ಸಮ್ಮ ಶನಿವಾರವಿಡೀ ಒಬ್ಬರೇ ನಿಂತು ಗೋಡೆಗಳನ್ನು ಸೋಪು ಹಾಕಿ ಉಜ್ಜಿದರು. ಮೇಷ್ಟ್ರು ಗೋಡೆ ಅಳೆದು, ಬಾಗಿಲು ಕಿಟಕಿ ಕಳೆದು, ಒಂದು ತೊಟ್ಟೂ ಹೆಚ್ಚಾಗದಂತೆ ಲೆಕ್ಕ ಹಾಕಿ ನಿಂಬೆ ಹಳದಿ ಬಣ್ಣ ತಂದರು.

ಭಾನುವಾರ ಹತ್ತಕ್ಕೆ ಮುಹೂರ್ತ. ಭಾವಮೈದ ಒಂದು ಕೈಯಲ್ಲಿ ಡಬ್ಬಿ, ಇನ್ನೊಂದರಲ್ಲಿ ಬ್ರಶ್ ಹಿಡಿದು ಸರಸರನೆ ಏಣಿ ಹತ್ತಿದ. ನಾಲ್ಕನೆಯ ಮೆಟ್ಟಿಲಿಗೆ ಕಾಲಿಟ್ಟಿದ್ದನೋ ಇಲ್ಲವೋ, ಕೆಳಗಿನಿಂದ "ನಿಲ್ಲು!" ಎಂಬ ಅಬ್ಬರ ಕೇಳಿಸಿತು.

"ನಿನ್ನ ತೂಕ ಎಷ್ಟು?"

"ಎಪ್ಪತ್ತೆರಡು ಕೆಜಿ ಭಾವ."

"ಡಬ್ಬಿ ಸೇರಿಯೋ, ಬಿಟ್ಟೋ?"

"ಡಬ್ಬಿ ಹಿಡ್ಕೊಂಡು ನಾನ್ಯಾವತ್ತು ತೂಕ ನೋಡ್ಕೊಂಡಿದೀನಿ? ಯಾಕೆ ಭಾವ?"

"ಏಣಿ ಜಾರುತ್ತೋ ಇಲ್ವೋ ನೋಡ್ಬೇಕು. ಅಲ್ಲಾಡ್ಬೇಡ."

"ಜಾರಿದ್ರೆ ಗೊತ್ತಾಗುತ್ತಲ್ಲ ಭಾವ!"

ಹತ್ತು ಹನ್ನೆರಡು ಮಹಡಿಯ ಕತ್ತಲೆ ಗುಂಡಿಗಳಲ್ಲಿ ತಂತಿ ಹಿಡಿದು ನೇತಾಡುವ ಆಸಾಮಿ, ನಾಲ್ಕನೆಯ ಮೆಟ್ಟಿಲ ಮೇಲೆ ಇಪ್ಪತ್ತು ನಿಮಿಷ ಬೊಂಬೆಯ ಹಾಗೆ ನಿಂತ. ಕೊನೆಗೆ ಏಣಿ ಜಾರುವುದಿಲ್ಲ ಎಂದು ಸಾಬೀತಾಯಿತು. ಅಷ್ಟರಲ್ಲಿ ಬ್ರಶ್ ಒಣಗಿ ಕಡ್ಡಿಯಾಗಿತ್ತು.

ಆಮೇಲೆ ಮೇಷ್ಟ್ರು ಹೆಂಡತಿಯ ಕಡೆ ತಿರುಗಿದರು. ನರ್ಸಮ್ಮ ರೋಲರ್ ಹಿಡಿದು ಮೇಲಿಂದ ಕೆಳಕ್ಕೆ ಬಳಿಯುತ್ತಿದ್ದರು. ಹಾಗಲ್ಲ, ಅಡ್ಡಡ್ಡ ಬಳಿದರೆ ಕೈ ಕ್ರಮಿಸುವ ದೂರ ಕಡಿಮೆಯಾಗುತ್ತದೆ ಎಂದು ಮೇಷ್ಟ್ರು ತೋರಿಸಿಕೊಟ್ಟರು. ಅಡ್ಡಡ್ಡ ಬಳಿದದ್ದು ಪಟ್ಟೆ ಪಟ್ಟೆಯಾಗಿ ಕಾಣಿಸಿತು. ಅದನ್ನು ಮುಚ್ಚಲು ಮತ್ತೆ ಮೇಲಿಂದ ಕೆಳಕ್ಕೆ ಬಳಿಯಬೇಕಾಯಿತು. ಅಲ್ಲಿಂದ ಮಗಳ ಸರದಿ.

"ಐವತ್ತು ಸಲ ಅದ್ದಿದ್ರೆ ಒಂದು ಹನಿ ಕೆಳಗೆ ಬೀಳೋ ಸಂಭವ ಇದೆ ಪುಟ್ಟೀ. ನೀನು ಇದುವರೆಗೆ ಎಷ್ಟು ಸಲ ಅದ್ದಿದೆ?"

"ಎಣಿಸಿಲ್ಲ ಅಪ್ಪಾ."

"ಎಣಿಸದೆ ಹೇಗೆ? ಮೊದಲಿಂದ ಶುರು ಮಾಡು, ನಾನು ಬರ್ಕೋತೀನಿ" ಎಂದು ಅವರು ಕಾಗದ ಹಿಡಿದು ಬಗ್ಗಿದರು. ಮೊದಲ ಸಲ ಅದ್ದಿದಾಗಲೇ ಹನಿ ಬಿತ್ತು, ನೇರ ಅವರ ಕಾಗದದ ಮೇಲೆ. ಮಗಳು ತುಟಿ ಕಚ್ಚಿಕೊಂಡು ಗೋಡೆ ಕಡೆ ತಿರುಗಿದಳು.

ಹನ್ನೆರಡು ಹೊಡೆಯಿತು. ನಾಲ್ವರು ಎರಡು ಗಂಟೆ ದುಡಿದು ಬಳಿದದ್ದು ಹಜಾರದಲ್ಲಿ ಕಾಲು ಭಾಗ. ಎಣ್ಣೆ ಕಲೆ ತನ್ನ ಜಾಗದಲ್ಲಿ ತಣ್ಣಗೆ ಕೂತಿತ್ತು. ನರ್ಸಮ್ಮ ಗಡಿಯಾರ ನೋಡಿದರು, ಕಲೆ ನೋಡಿದರು. ಅವರ ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

"ಅಪ್ಪಾ," ಎಂದಳು ಕಾಲೇಜಿನಲ್ಲಿ ಅರ್ಥಶಾಸ್ತ್ರ ಓದುವ ಮಗಳು, ಆದಷ್ಟು ಮೃದುವಾಗಿ, "ನಮ್ಮ ಪಾಠದಲ್ಲಿ ಒಂದು ನಿಯಮ ಇದೆ. ಆಳುಗಳನ್ನ ಸೇರಿಸ್ತಾ ಹೋದ್ರೆ ಒಂದು ಹಂತ ಆದ್ಮೇಲೆ, ಇನ್ನೊಬ್ಬ ಆಳು ಬಂದ್ರೆ ಕೆಲಸ ಹೆಚ್ಚಾಗೋ ಬದಲು ಕಮ್ಮಿ ಆಗುತ್ತಂತೆ."

"ನಿಜ ನಿಜ. ಮೂರನೇ ಸಂಪುಟದಲ್ಲಿ ನಾನೇ ಬರೆದಿದೀನಿ. ಈಗ ಇಲ್ಲಿ ಆ ಹೆಚ್ಚಿನ ಆಳು ಯಾರು?"

ಭಾವಮೈದ ಸೂರು ನೋಡಿದ. ಮಗಳು ಬ್ರಶ್ಶಿನ ಕೂದಲು ಎಣಿಸಿದಳು. ನರ್ಸಮ್ಮ, ರೋಗಿಗೆ ಸೂಜಿ ಚುಚ್ಚುವ ಮುಂಚಿನ ದನಿಯಲ್ಲಿ, "ರೀ, ಮೂಲೆಗೆ ಬಳಿಯೋಕೆ ಸಣ್ಣ ಬ್ರಶ್ ಬೇಕಿತ್ತು. ಅಂಗಡಿಗೆ ನೀವೇ ಹೋಗ್ಬೇಕು. ನಮಗೆಲ್ಲ ಒಳ್ಳೇದು ಆರಿಸೋಕೆ ಬರಲ್ಲ" ಎಂದರು. ಮೇಷ್ಟ್ರು ಎದೆಯುಬ್ಬಿಸಿಕೊಂಡು ಹೊರಟರು.

ಬಣ್ಣದ ಅಂಗಡಿಯವನು ಅವರನ್ನು ಕಂಡ ಕೂಡಲೇ ಸ್ಟೂಲು ಎಳೆದು ಹಾಕಿದ.

"ಕೂತ್ಕೊಳಿ ಸಾರ್."

"ಕೂರೋಕೆ ಹೊತ್ತಿಲ್ಲ. ಒಂದು ಸಣ್ಣ ಬ್ರಶ್ ಕೊಡಿ, ಮನೇಲಿ ಕಾಯ್ತಿದಾರೆ."

"ಬ್ರಶ್ ಏನೂ ಬೇಡ್ವಂತೆ ಸಾರ್. ಈಗ ತಾನೇ ಮನೆಯಿಂದ ಫೋನ್ ಬಂದಿತ್ತು. ಒಂದು ಗಂಟೆ ಕೂರಿಸ್ಕೊಳಿ ಅಂದ್ರು."

ಮೇಷ್ಟ್ರಿಗೆ ಮುಖಕ್ಕೆ ಹೊಡೆದಂತಾಯಿತು. ತಾವು ಹುಟ್ಟಿಸಿದ ಸಾವಿರಾರು ಲೆಕ್ಕಗಳಲ್ಲಿ ಎಷ್ಟೋ ಸಲ 'ಅ' ಎಂಬುವವನನ್ನು ಅರ್ಧಕ್ಕೇ ಕೆಲಸ ಬಿಡಿಸಿ ಕಳಿಸಿದ್ದುಂಟು. ಆಗೆಲ್ಲ ಆ 'ಅ' ಎಲ್ಲಿಗೆ ಹೋಗುತ್ತಾನೆ, ಅವನಿಗೆ ಏನನ್ನಿಸುತ್ತದೆ ಎಂದು ಅವರು ಯೋಚಿಸಿರಲಿಲ್ಲ. ಅವನು ಬಣ್ಣದ ಅಂಗಡಿಯ ಸ್ಟೂಲಿನ ಮೇಲೆ ಕೂರುತ್ತಾನೆ, ಅವನಿಗೆ ಬಹಳ ಬೇಜಾರಾಗುತ್ತದೆ ಎಂಬುದು ಅವತ್ತು ಗೊತ್ತಾಯಿತು.

ಒಂದು ಗಂಟೆಗೆ ಮನೆಗೆ ಬಂದು ನೋಡಿದರೆ ಹಜಾರ ಮುಗಿದಿತ್ತು! ನಾಲ್ಕೂ ಗೋಡೆ ಫಳಫಳ. ಕಲೆ ಇದ್ದ ಜಾಗ ಹುಡುಕಿದರೂ ಸಿಗಲಿಲ್ಲ. ಮೂವರೂ ನೆಲದ ಮೇಲೆ ಕಾಲು ಚಾಚಿ ಕೂತು ನಗುತ್ತಿದ್ದರು. ನರ್ಸಮ್ಮನ ಮೂಗಿನ ತುದಿಯಲ್ಲಿ ಹಳದಿ ಇತ್ತು, ಮುಖದಲ್ಲಿ ಮದುವೆಯ ದಿನದ ಸಂಭ್ರಮವಿತ್ತು. ಅದನ್ನು ನೋಡಿ ಮೇಷ್ಟ್ರ ಕೋಪ ಅರ್ಧ ಇಳಿಯಿತು.

"ನಾವು ಸ್ನಾನ ಮಾಡಿ, ಸ್ವಲ್ಪ ಅಡ್ಡಾಗಿ ಬರ್ತೀವಿ," ಎಂದರು ನರ್ಸಮ್ಮ. "ಕುರ್ಚಿ ನಡುವಲ್ಲಿ ಹಾಕಿದೀನಿ, ಅಲ್ಲೇ ಕೂತ್ಕೊಳಿ. ಐದು ಗಂಟೆವರೆಗೂ ಗೋಡೆ ಹಸಿ. ಮುಟ್ಬೇಡಿ, ಅಳೀಬೇಡಿ, ಅದರ ಬಗ್ಗೆ ಯೋಚ್ನೇನೂ ಮಾಡ್ಬೇಡಿ."

ಮೊದಲೆರಡನ್ನು ಮೇಷ್ಟ್ರು ಪಾಲಿಸಿದರು. ಮೂರನೆಯದು ಅವರ ಕೈಲಾಗುವ ಮಾತೇ? ನಾಲ್ವರೂ ಇದ್ದಾಗ ಗಂಟೆಗೆ ಆದದ್ದು ಎಂಟನೇ ಒಂದು ಭಾಗ. ತಾವು ಹೋದ ಮೇಲೆ ಮೂವರು ಒಂದೇ ಗಂಟೆಯಲ್ಲಿ ಮಾಡಿದ್ದು ಮುಕ್ಕಾಲು ಭಾಗ. ಹಾಗಾದರೆ ತಮ್ಮೊಬ್ಬರ ಪಾಲೆಷ್ಟು? ಎಂಟನೇ ಒಂದರಲ್ಲಿ ಮುಕ್ಕಾಲು ಕಳೆದರೆ... ಮೇಷ್ಟ್ರು ನೆಟ್ಟಗಾದರು. ಉತ್ತರ ಸೊನ್ನೆಗಿಂತ ಕೆಳಗಿಳಿಯುತ್ತಿತ್ತು!

ಹಜಾರದ ನಡುವೆ ಕೂತು ಅವರಿಗೆ ಯೋಚನೆ ಮಾಡಿ ಅಭ್ಯಾಸವಿಲ್ಲ. ಮೆಲ್ಲಗೆ ಎದ್ದು ಕುರ್ಚಿಯನ್ನು ಅದರ ಪುರಾತನ ಸ್ಥಾನಕ್ಕೆ ಎಳೆದುಕೊಂಡರು. ಕಣ್ಣು ಮುಚ್ಚಿದರು. ಋಣ ಎಂಟನೇ ಐದು. ಅಂದರೆ ಪೂರ್ತಿ ಬಣ್ಣ ಬಳಿದ ಹಜಾರವೊಂದನ್ನು ಮೇಷ್ಟ್ರಿಗೆ ಒಪ್ಪಿಸಿದರೆ, ಅವರೊಬ್ಬರೇ, ಯಾರ ನೆರವೂ ಇಲ್ಲದೆ, ಒಂದು ಗಂಟೆ ಮೂವತ್ತಾರು ನಿಮಿಷದಲ್ಲಿ ಅದನ್ನು ಮೊದಲಿನ ಸ್ಥಿತಿಗೆ ತರಬಲ್ಲರು. ಆಹಾ! ಜಗತ್ತಿನ ಯಾವ ಪುಸ್ತಕದಲ್ಲೂ ಇಲ್ಲದ ಲೆಕ್ಕ, ಅದೂ ನಡೆದದ್ದು! ಅಲ್ಲಿಂದಲೇ ಪರಿಶೀಲಕನಿಗೆ ಫೋನ್ ಮಾಡಿ ಲೆಕ್ಕ ಒಪ್ಪಿಸಿದರು. ಅವನು ನೋಡಿ ಹೇಳುತ್ತೇನೆಂದ. ಮೇಷ್ಟ್ರು ಫೋನ್ ಇಟ್ಟು, ತೃಪ್ತಿಯಿಂದ ನಿಟ್ಟುಸಿರು ಬಿಟ್ಟು, ಇಪ್ಪತ್ತಾರು ವರ್ಷದ ಅಭ್ಯಾಸದಂತೆ ತಲೆಯನ್ನು ಹಿಂದಕ್ಕೊರಗಿಸಿದರು.

ಪಚ್ ಎಂದಿತು.

ನಾಲ್ಕಕ್ಕೆ ಐದು ನಿಮಿಷವಿರುವಾಗ ನರ್ಸಮ್ಮ ಹೊಸ ಬಟ್ಟೆ ಉಟ್ಟು ಹಜಾರಕ್ಕೆ ಬಂದರು. ಮೇಷ್ಟ್ರು ಹಜಾರದ ನಡುವೆ, ಕುರ್ಚಿಯಲ್ಲಿ, ಸಂಭಾವಿತರಂತೆ ಕೂತಿದ್ದರು.

"ಅಪ್ಪಾ, ಸ್ವಲ್ಪ ಆ ಕಡೆ ತಿರುಗಿ" ಎಂದಳು ಮಗಳು.

"ಯಾಕಮ್ಮಾ, ಹೀಗೇ ಚೆನ್ನಾಗಿದೆಯಲ್ಲ."

"ತಿರುಗಿ ಅಪ್ಪಾ!"

ತಿರುಗಿದರು. ಬೋಳು ನೆತ್ತಿಯ ಹಿಂಭಾಗದಲ್ಲಿ ನಿಂಬೆ ಹಳದಿಯ ಸೂರ್ಯ ಬೆಳಗುತ್ತಿದ್ದ. ಗೋಡೆಯ ಮೇಲೆ, ಹಳೆಯ ಜಾಗದಲ್ಲೇ, ಅಷ್ಟೇ ಅಗಲದ ಹೊಸ ಗುರುತು, ಮೂರು ನಾಲ್ಕು ಬಿಳಿ ಕೂದಲು ಸಮೇತ. ಮೇಲೆ ಬಳಿಯಲು ಡಬ್ಬಿಯಲ್ಲಿ ಒಂದು ತೊಟ್ಟೂ ಬಣ್ಣವಿರಲಿಲ್ಲ. (ಮೇಷ್ಟ್ರ ಲೆಕ್ಕ ಅವತ್ತು ಪಕ್ಕಾ ಆದದ್ದು ಇದೊಂದರಲ್ಲೇ.) ನರ್ಸಮ್ಮ ಬಾಯಿ ತೆರೆದರು. ಆ ಬಾಯಿಂದ ಏನು ಬರುತ್ತಿತ್ತೋ, ಅಷ್ಟರಲ್ಲಿ ಕರೆಗಂಟೆ ಮೊಳಗಿತು.

ದೊಡ್ಡಕ್ಕ ಒಳಗೆ ಬಂದಾಗ ನರ್ಸಮ್ಮ ಗೋಡೆಗೊರಗಿ, ತಲೆಯಿಂದ ಸರಿಯಾಗಿ ಆ ಗುರುತನ್ನು ಮುಚ್ಚಿಕೊಂಡು, ಮೊಣಕಾಲು ಅರ್ಧ ಮಡಚಿ, ನಗುತ್ತಾ ನಿಂತಿದ್ದರು.

"ಏನೇ ಇದು, ಹಜಾರ ಇಷ್ಟು ಚೆನ್ನಾಗಾಗಿದೆ!" ಎಂದರು ದೊಡ್ಡಕ್ಕ. "ಬಾ, ಕೂತ್ಕೋ."

"ಪರವಾಗಿಲ್ಲಕ್ಕ, ಆಸ್ಪತ್ರೇಲಿ ನಿಂತು ನಿಂತು ಅಭ್ಯಾಸ."

"ಹಿಂಗೆ ಅರ್ಧ ಕೂತ್ಕೊಂಡಾ?"

ನರ್ಸಮ್ಮ ಮುಂದಕ್ಕೆ ಬರಲು ನೋಡಿದರು. ಬರಲಾಗಲಿಲ್ಲ. ಕೂದಲು ಬಣ್ಣಕ್ಕೆ ಕಚ್ಚಿಕೊಂಡಿತ್ತು. ತಮ್ಮನ್ನು ಕಾಪಾಡಲು ಹೋಗಿ ಹೆಂಡತಿ ಗೋಡೆಗಂಟಿದ್ದನ್ನು ಕಂಡು ಮೇಷ್ಟ್ರು ಕುರ್ಚಿ ಬಿಟ್ಟು ಎದ್ದು ನಿಂತರು. ಭಾವಮೈದ ಓಡಿ ಬಂದು, ಅಕ್ಕನನ್ನು ಕೂದಲು ಕೂದಲಾಗಿ ಬಿಡಿಸುತ್ತಿರುವಾಗಲೇ ಫೋನ್ ಹೊಡೆದುಕೊಂಡಿತು. ಮಗಳು ಎಲ್ಲರಿಗೂ ಕೇಳುವಂತೆ ಗುಂಡಿ ಒತ್ತಿದಳು.

"ಸಾರ್, ಲೆಕ್ಕ ಸರಿ ಇದೆ, ಆದ್ರೆ ವಾಸ್ತವಕ್ಕೆ ದೂರ," ಎಂದಿತು ಪರಿಶೀಲಕನ ದನಿ. "ಕೈ ಜೋಡಿಸಿದಷ್ಟೂ ಕೆಲಸ ಕಮ್ಮಿ ಮಾಡೋ ಮನುಷ್ಯ ಪ್ರಪಂಚದಲ್ಲಿ ಎಲ್ಲಿದಾನೆ ಸಾರ್?"

ನರ್ಸಮ್ಮನ ಸಹನೆಯ ಕಟ್ಟೆ ಒಡೆಯಿತು. "ಇಲ್ಲಿದಾರೆ ಕಣಪ್ಪಾ!" ಎಂದರು ಗೋಡೆಯಿಂದಲೇ. "ನನ್ನೆದುರಿಗೇ ನಿಂತಿದಾರೆ. ತಲೆ ಹಿಂದೆ ಹಳದಿ ಬಣ್ಣ. ಇಪ್ಪತ್ತಾರು ವರ್ಷದಿಂದ ನೋಡ್ತಿದೀನಿ, ಬೇಕಾದ್ರೆ ಬಂದು ನಮ್ಮ ಗೋಡೆ ನೋಡ್ಕೊಂಡು ಹೋಗಿ!"

ಪರಿಶೀಲಕ ಬಿಡಲಿಲ್ಲ. "ಸರಿ ಮೇಡಂ, ಇದಾರೆ ಅಂತಲೇ ಇಟ್ಕೊಳ್ಳೋಣ. ಹಾಗಿದ್ರೆ ಮಿಕ್ಕ ಮೂವರು ಅವರನ್ನ ಯಾಕೆ ಇಟ್ಕೊಂಡಿದಾರೆ? ಓದೋ ಮಕ್ಕಳು ಮೊದಲು ಕೇಳೋದೇ ಅದು."

ನರ್ಸಮ್ಮ ಗಂಡನ ಕಡೆ ನೋಡಿದರು. ಮೇಷ್ಟ್ರು ತಲೆ ತಗ್ಗಿಸಿ, ಕೈ ಕಟ್ಟಿಕೊಂಡು, ತಪ್ಪು ಉತ್ತರ ಬರೆದ ಹುಡುಗನಂತೆ ನಿಂತಿದ್ದರು. ಬಿಗಿದುಕೊಂಡಿದ್ದ ನರ್ಸಮ್ಮನ ತುಟಿ ತಾನಾಗಿ ಸಡಿಲವಾಯಿತು.

"ಹೊರಗೆ ಬಿಟ್ರೆ ಬೇರೆಯವರ ಮನೆ ಗೋಡೆ ಹಾಳಾಗುತ್ತಲ್ಲಪ್ಪಾ, ಅದಕ್ಕೆ" ಎಂದರು.

ಮೊದಲು ನಕ್ಕದ್ದು ದೊಡ್ಡಕ್ಕ. ಹೊಟ್ಟೆ ಹಿಡಿದುಕೊಂಡು, ಕನ್ನಡಕ ಜಾರಿಸಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಗೋಡೆಯ ಮೇಲೀಗ ಎರಡು ತಲೆಯ ಗುರುತು ಒಂದರ ಮೇಲೊಂದು ಮೂಡಿದ್ದವು. ದೊಡ್ಡಕ್ಕ ಎರಡನ್ನೂ ನೋಡಿದರು, ಏನೂ ಅನ್ನಲಿಲ್ಲ. ಕುರ್ಚಿಯ ಮೇಲೆ ಏನನ್ನೂ ಹಾಸದೆ ಹಾಗೇ ಧೊಪ್ಪನೆ ಕೂತು, ಕರವಸ್ತ್ರದಿಂದ ಕಣ್ಣೊರೆಸಿಕೊಂಡು ಕಾಫಿ ಕೇಳಿದರು. ಗೋಡೆಯಿಂದ ಬಿಡುಗಡೆಯಾದ ನರ್ಸಮ್ಮ ಹಾರುವಂತೆ ಅಡಿಗೆಮನೆಗೆ ಹೋದರು.

"ಸಾರ್," ಎಂದ ಪರಿಶೀಲಕ, ಅವನೂ ನಗುತ್ತಿದ್ದ, "ಈ ಲೆಕ್ಕಾನ ಪುಸ್ತಕಕ್ಕೆ ಹಾಕ್ಕೋತೀವಿ. ನಿಮ್ಮ ನಾಲ್ಕೂ ಪುಸ್ತಕದಲ್ಲಿ ನಂಬೋ ಹಾಗಿರೋದು ಇದೊಂದೇ."

ಮೂವತ್ತು ವರ್ಷದ ಬರವಣಿಗೆಯಲ್ಲಿ ಮೇಷ್ಟ್ರು ಕೇಳಿದ ಮೊದಲ ಹೊಗಳಿಕೆ. ಅವರಿಗೆ ಮೈಯೆಲ್ಲ ಹಗುರವಾಯಿತು. ಕಣ್ಣು ಮುಚ್ಚಿ, ಆನಂದದಿಂದ ಎರಡು ಹೆಜ್ಜೆ ಹಿಂದಕ್ಕೆ ಸರಿದು, ನಿಂತಲ್ಲೇ ಹಾಗೇ ಒರಗಿದರು.

"ಅಪ್ಪಾ!" ಎಂದು ಮಗಳೂ, "ಭಾವ!" ಎಂದು ಭಾವಮೈದನೂ, "ರೀ!" ಎಂದು ಅಡಿಗೆಮನೆಯಿಂದ ನರ್ಸಮ್ಮನೂ ಒಟ್ಟಿಗೇ ಕೂಗಿಕೊಂಡರು. ಅಷ್ಟರಲ್ಲಿ ಈ ಸಲ ಬೆನ್ನೂ ಅಂಟಿತ್ತು.