ಚಪ್ಪಲಿ ಕಂಡರೆ ಸಾಕು

ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಹೋಗುವ ಜನ ನಾವು. ಇಂಥವರ ಮೇಲೆ ಕಣ್ಣಿಡುವುದಕ್ಕೆ ಸರ್ಕಾರಕ್ಕೆ ಕಾಸಿನ ಖರ್ಚಿಲ್ಲ, ಬುದ್ಧಿಯ ಖರ್ಚಂತೂ ಮೊದಲೇ ಇಲ್ಲ. ಯುದ್ಧದ ವರ್ಷಗಳು, ಅದರ ಮೇಲೆ ಚಳವಳಿ. ಹಾಸನದ ಸುತ್ತಮುತ್ತ ಚಪ್ಪಲಿ ನೋಡಿ ಮನುಷ್ಯನ ನಿಯತ್ತು ಅಳೆಯುವ ಕೆಲಸ ದಿನಾ ಒಂದಲ್ಲ ಒಂದು ಕಡೆ ನಡೆಯುತ್ತಲೇ ಇತ್ತು. ಮೇಲಿನಿಂದ ಬಂದ ಹುಕುಂ ಮಾತ್ರ ಬಹಳ ಸಭ್ಯವಾಗಿತ್ತು. ಯಾರ ಮನೆಯೊಳಗೂ ಇಣುಕಬೇಡಿ, ಯಾರ ಮಾತಿಗೂ ಕಿವಿ ಕೊಡಬೇಡಿ. ಯಾರು ಯಾರ ಮನೆಗೆ ಹೋದರು, ಎಷ್ಟು ಹೊತ್ತು ಇದ್ದರು, ಅಷ್ಟು ತಿಳಿಸಿದರೆ ಸಾಕು. ಒಳಗಿನ ಮಾತು ಪ್ರಜೆಗಳ ಸ್ವಂತದ್ದಂತೆ!

ಈಗ ನೆನೆಸಿಕೊಂಡರೆ ನಗು ಬರುತ್ತದೆ. ಆಗ ಬರುತ್ತಿರಲಿಲ್ಲ. ನಾನು ಆಗ ಹೊಳೆನರಸೀಪುರದ ಮಿಡ್ಲ್ ಸ್ಕೂಲಿನಲ್ಲಿ ಹಂಗಾಮಿ ಮೇಷ್ಟ್ರು. ಖಾಯಂ ಆಗಬೇಕಾದರೆ ಪೊಲೀಸರಿಂದ "ನಡತೆ ಒಳ್ಳೆಯದು" ಅಂತ ಬರಬೇಕಿತ್ತು. ಬಾಗೂರಿನಲ್ಲಿ ನಮ್ಮವ್ವ, ಇಬ್ಬರು ತಂಗಿಯರು ಆ ಎರಡು ಪದಕ್ಕೆ ಕಾದು ಕೂತಿದ್ದರು.

೧. ಸರ್ಕಾರ ಅಷ್ಟು ಕೆಟ್ಟದ್ದಲ್ಲ

ಹೊಳೆನರಸೀಪುರದಲ್ಲಿ ಒಬ್ಬರು ಲಾಯರ್ರು ಇದ್ದರು. ನಾನು ಹೈಸ್ಕೂಲು ಓದಿದ್ದು ಅವರ ಮನೆಯ ಅನ್ನ ತಿಂದು. ಅವರನ್ನು ಅಪ್ಪಾಜಿ, ಅವರ ಹೆಂಡತಿಯನ್ನು ಅಮ್ಮ ಅಂತಲೇ ಕರೆಯುತ್ತಿದ್ದೆ. ಮೇಷ್ಟ್ರಾದ ಮೇಲೆ ಸಂಜೆ ಹೊತ್ತು ಅವರ ಮಗನಿಗೆ ಲೆಕ್ಕ ಹೇಳಿಕೊಟ್ಟು, ಅಲ್ಲೇ ಉಂಡು ಬರುವುದು ರೂಢಿಯಾಗಿತ್ತು. ಲಾಯರ್ರು ಯಾವಾಗ ಖಾದಿ ಉಟ್ಟರೋ, ಸರ್ಕಾರ ಅವರ ಮನೆ ಎದುರಿನ ಹೊಂಗೆ ಮರದ ಕೆಳಗೆ ಒಬ್ಬ ಪೇದೆಯನ್ನು ಮಫ್ತಿಯಲ್ಲಿ ಕೂರಿಸಿತು. ಮಫ್ತಿ ಅಂದರೆ ಏನು, ಪೇಟ ಒಂದು ತೆಗೆದಿದ್ದ, ಸರ್ಕಾರಿ ಬೆಲ್ಟು ಹಾಗೇ ಹೊಳೆಯುತ್ತಿತ್ತು. ಬೀದಿಯ ಮಕ್ಕಳು ಅವನನ್ನು "ಸಿಐಡಿ ಮಾವ" ಅಂತ ಕರೆದು ಕಡಲೆಕಾಯಿ ಕೊಟ್ಟು ಹೋಗುತ್ತಿದ್ದವು.

ನನ್ನ ಗ್ರಹಚಾರಕ್ಕೆ ನನ್ನ ಚಪ್ಪಲಿಗೆ ಒಂದು ಗುರುತಿತ್ತು. ಎಡಗಾಲಿನ ಉಂಗುಷ್ಟ ಕಿತ್ತುಹೋದಾಗ, ಹೆಬ್ಬೆರಳು ತೂರಿಸುವ ಆ ಪಟ್ಟಿಗೆ ಅರಕಲಗೂಡಿನ ಮೋಚಿ ಕೈಗೆ ಸಿಕ್ಕ ಕೆಂಪು ಚರ್ಮ ಹಾಕಿ ಹೊಲಿದಿದ್ದ. ಒಂದು ಕರಿ, ಒಂದು ಕೆಂಪು. ಇಡೀ ಜಿಲ್ಲೆಯಲ್ಲಿ ಅಂಥ ಜೋಡು ನನ್ನದೊಂದೇ ಇದ್ದಿರಬೇಕು.

ಒಂದು ದಿನ ಇನ್ಸ್‌ಪೆಕ್ಟರ್ ಕರೆಸಿದರು.

"ಲಾಯರ್ ಮನೆಗೆ ದಿನಾ ಹೋಗ್ತೀಯಂತೆ?"

"ಹೌದು ಸ್ವಾಮಿ. ಹುಡುಗನಿಗೆ ಲೆಕ್ಕ ಹೇಳಿಕೊಡ್ತೀನಿ."

"ಅದೆಲ್ಲ ಬೇಡ. ಒಳಗೆ ಏನು ಮಾತಾಡಿದ್ರಿ ಅಂತ ನಾವು ಕೇಳೋದಿಲ್ಲ."

"ಕೇಳಿ ಸ್ವಾಮಿ, ದಯವಿಟ್ಟು ಕೇಳಿ! ನಿನ್ನೆ ಬಡ್ಡಿ ಲೆಕ್ಕ, ಮೊನ್ನೆ ಭಿನ್ನರಾಶಿ. ಬೇಕಾದರೆ ಹುಡುಗನನ್ನೇ ಕರೆಸಿ."

"ಏಯ್, ಅದು ನಿನ್ನ ಸ್ವಂತ ವಿಷಯ. ಅದಕ್ಕೆ ಕೈಹಾಕುವಷ್ಟು ಸರ್ಕಾರ ಕೆಟ್ಟದ್ದಲ್ಲ."

ಭಿನ್ನರಾಶಿಯಲ್ಲಿ ರಾಜದ್ರೋಹ ಎಲ್ಲಿದೆ ಅಂತ ಅಂಗಲಾಚಿದೆ. ಅವರು ಕಿವಿ ಮುಚ್ಚಿಕೊಂಡರು, ನಿಜವಾಗಿಯೂ ಎರಡು ಕೈಯಲ್ಲಿ. ನನ್ನ ನಡತೆ "ವಿಚಾರಣೆಯಲ್ಲಿದೆ" ಅಂತಾಯಿತು. ಹೊರಗೆ ಬಂದರೆ ಹೊಂಗೆ ಮರದ ಪೇದೆ ಠಾಣೆ ಮೆಟ್ಟಿಲ ಹತ್ತಿರ ನಿಂತಿದ್ದ.

"ಬೇಜಾರ್ ಮಾಡ್ಕಬ್ಯಾಡಿ ಸಾ. ಸತ್ಯವಾಗ್ಲೂ ನಾನು ನಿಮ್ ಎಸ್ರು ಏಳಿಲ್ಲ ಕಣ ಸಾ. ಕೆಂಪು ಉಂಗುಷ್ಟದೋರು ಅಂದೆ, ಅಷ್ಟೇಯ."

೨. ಕೂರದವರ ಸಂಘ

ಚನ್ನರಾಯಪಟ್ಟಣದಲ್ಲಿ ನಮ್ಮ ಸೋದರಮಾವನಿಗೆ ತೆಂಗಿನಕಾಯಿ ಮಂಡಿ. ದೊಡ್ಡ ಮನುಷ್ಯ, ದೊಡ್ಡ ಗಂಟಲು. ಆ ಊರಾಚೆ ಒಬ್ಬ ನಾಟಿ ವೈದ್ಯನಿದ್ದ. ಯಾವ ಕಾಯಿಲೆಗೆ ಔಷಧಿ ಕೊಡುತ್ತಿದ್ದ ಅಂತ ಅವನೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಹೋಗುವವರೂ ಹೇಳುತ್ತಿರಲಿಲ್ಲ. ಮೂಲವ್ಯಾಧಿ. ಅದಕ್ಕೆ ಶ್ರೀಮಂತ ಬಡವ ಅಂತಿಲ್ಲ ನೋಡಿ, ಆದರೆ ಕೂತು ವ್ಯಾಪಾರ ಮಾಡುವವರನ್ನು ಕಂಡರೆ ಸ್ವಲ್ಪ ಹೆಚ್ಚು ಪ್ರೀತಿ. ಹಾಸನದ ಬಟ್ಟೆ ವ್ಯಾಪಾರಿಗಳು, ರಾಮನಾಥಪುರದ ಹೊಗೆಸೊಪ್ಪಿನ ಸಾಹುಕಾರರು, ನಮ್ಮ ಮಾವ, ಎಲ್ಲ ತಲೆ ಮೇಲೆ ಟವಲು ಎಳೆದುಕೊಂಡು ಮಂಗಳವಾರ ಅಲ್ಲಿ ಸೇರುತ್ತಿದ್ದರು.

ಆ ಊರಿನ ಪೊಲೀಸರು ಜಗಲಿ ಮೇಲಿನ ಚಪ್ಪಲಿ ನೋಡಿ ವರದಿ ಕೊಟ್ಟರು: ನಾಲ್ಕು ತಾಲ್ಲೂಕಿನ ಹಣವಂತರು ಮುಖ ಮುಚ್ಚಿಕೊಂಡು ವಾರವಾರ ಸಭೆ ಸೇರುತ್ತಾರೆ, ಸಭೆಯಲ್ಲಿ ಯಾರೂ ಕೂರುವುದಿಲ್ಲ, ಹೊರಡುವಾಗ ಎಲ್ಲರ ಕೈಯಲ್ಲೂ ಒಂದೊಂದು ಪೊಟ್ಟಣ ಇರುತ್ತದೆ.

ಮಾವನನ್ನು ಠಾಣೆಗೆ ಕರೆಸಿದಾಗ ನಾನೂ ಜೊತೆಗಿದ್ದೆ. ಮಂಡಿ ಕೂಲಿಗಳು, ದಲ್ಲಾಳಿಗಳು, ಅರ್ಧ ಪೇಟೆ ಕಿಟಕಿಯಲ್ಲಿತ್ತು. ಮಾವನಿಗೆ ಜೈಲಿನ ಭಯವಿರಲಿಲ್ಲ, ಆ ಕಿಟಕಿಯ ಭಯ. ಕಾಯಿಲೆಯ ಹೆಸರು ಬಾಯಿಗೆ ಬಂದರೆ ಸಂಜೆಯೊಳಗೆ ಸಂತೆಯಲ್ಲೆಲ್ಲ ಅದೇ ಮಾತು.

ದಫೇದಾರ ಕುರ್ಚಿ ತೋರಿಸಿದ. "ಕೂತ್ಕೊಳ್ಳಿ ಯಜಮಾನ್ರೇ."

"ಇರ್ಲಿ. ನಿಂತೇ ಇರ್ತೀನಿ."

"ಪರವಾಗಿಲ್ಲ, ಕೂತ್ಕೊಳ್ಳಿ."

"ನಿಂತಿರ್ತೀನಿ ಅಂದ್ನಲ್ಲಪ್ಪ!"

ದಫೇದಾರ ಪಕ್ಕದವನ ಕಡೆ ತಿರುಗಿ, "ನೋಡ್ದೇನ್ಲಾ? ಇಲ್ಲೂ ಕೂರಾಕಿಲ್ಲ. ಆಣೆ ಮಾಡ್ಕಂಡವ್ರೆ!" ಅಂದ.

ಸ್ವಾತಂತ್ರ್ಯ ಬರುವವರೆಗೆ ಕೂರುವುದಿಲ್ಲ ಅಂತ ಪ್ರತಿಜ್ಞೆ ಮಾಡಿದ ವೀರರು ಅಂತ ಪೇಟೆಯಲ್ಲಿ ಸುದ್ದಿಯಾಯಿತು. ಮಾವ ಅದನ್ನು ಅಲ್ಲಗಳೆಯಲಿಲ್ಲ. ಮುಂದಿನ ಮಂಗಳವಾರ ಅದೇ ಜಗಲಿಯ ಮೇಲೆ ಅಮಲ್ದಾರ್ ಸಾಹೇಬರ ಬೂಟು ಕಂಡಿತು, ವಿಚಾರಣೆ ಅಲ್ಲಿಗೇ ನಿಂತಿತು. ನನ್ನ ಹೆಸರಿನ ಮುಂದೆ ಮಾತ್ರ "ಕೂರದವರ ಸಹವಾಸ" ಅಂತ ಇನ್ನೊಂದು ಕಪ್ಪು ಚುಕ್ಕೆ ಉಳಿಯಿತು. ಆಮೇಲೆ ಬಹಳ ದಿನ ಆ ತಾಲ್ಲೂಕು ಕಚೇರಿಯಲ್ಲಿ ಅಮಲ್ದಾರರು ನಿಂತುಕೊಂಡೇ ರುಜು ಹಾಕುತ್ತಿದ್ದರಂತೆ.

೩. ಆಷಾಢದ ದೇಶಭಕ್ತ

ಇದನ್ನು ನನಗೆ ಹೇಳಿದ್ದು ಹೊಂಗೆ ಮರದ ಪೇದೆ. ಇಡೀ ಸಂಜೆ ಒಬ್ಬನೇ ಕೂತು ಅವನಿಗೂ ಬೇಸರ, ಬೀದಿ ದಾಟುವಾಗ ನನ್ನನ್ನು ನಿಲ್ಲಿಸಿಕೊಂಡು ಮಾತಾಡುತ್ತಿದ್ದ. ಮೊದಲು ಅವನು ಅರಕಲಗೂಡಿನಲ್ಲಿ ಇದ್ದವನು.

ಅಲ್ಲಿನ ತಾಲ್ಲೂಕು ಕಚೇರಿಯಲ್ಲಿ ಒಬ್ಬ ಗುಮಾಸ್ತ, ಹೊಸದಾಗಿ ಮದುವೆಯಾದವನು. ಆಷಾಢ ಬಂತು. ಹೊಸ ಹೆಣ್ಣು ತವರಿಗೆ ಹೋಗಬೇಕು, ಅಳಿಯ ಆ ತಿಂಗಳು ಅತ್ತೆ ಮನೆ ಹೊಸ್ತಿಲು ತುಳಿಯಬಾರದು. ತವರು ಅದೇ ಊರು, ಎರಡು ಬೀದಿ ಆಚೆ. ಹುಡುಗನ ಪ್ರಾಣ ಎಷ್ಟು ದಿನ ತಡೆದೀತು? ಅತ್ತೆ ಮನೆ ಪಕ್ಕ ಖಾದಿ ಮಾರುವವನ ಮನೆ. ಇವನು ಆ ಖಾದಿಯವನ ಜಗಲಿಯಲ್ಲಿ ಚಪ್ಪಲಿ ಬಿಟ್ಟು, ಒಳಗಿನಿಂದ ಹಿತ್ತಲಿಗೆ ಹೋಗಿ, ಗೋಡೆ ಹಾರಿ ಹೆಂಡತಿಯನ್ನು ಮಾತಾಡಿಸಿಕೊಂಡು ಬರುತ್ತಿದ್ದ.

ಚಪ್ಪಲಿ ಖಾದಿಯವನ ಜಗಲಿಯಲ್ಲಿ. ವರದಿ ಹೋಯಿತು. ಅಮಲ್ದಾರರು ಕರೆಸಿದರು.

"ಚಳವಳಿಯವನ ಮನೆಗೆ ಹೋಗ್ತಿದ್ದದ್ದು ನಿಜವೋ ಸುಳ್ಳೋ?"

ಸುಳ್ಳು ಅಂದರೆ ಮತ್ತೆಲ್ಲಿಗೆ ಹೋಗಿದ್ದೆ ಅಂತ ಹೇಳಬೇಕು. ಅಮಲ್ದಾರರ ಪಕ್ಕದಲ್ಲೇ ಕಾಗದಪತ್ರ ಹಿಡಿದು ನಿಂತಿದ್ದವರು ಅದೇ ಕಚೇರಿಯ ಶಿರಸ್ತೇದಾರರು, ಇವನಿಗೆ ಹೆಣ್ಣು ಕೊಟ್ಟ ಮಾವ. ಹುಡುಗ ಒಮ್ಮೆ ಮಾವನ ಮುಖ ನೋಡಿದ, ಒಮ್ಮೆ ಗೋಡೆ ನೋಡಿದ.

"ನಿಜ ಸ್ವಾಮಿ! ದೇಶಕ್ಕಾಗಿ ಹೋಗಿದ್ದೆ!"

ಹಾಸನದ ಜೈಲಿಗೆ ಕಳಿಸಿದರು, ಶ್ರಾವಣದಲ್ಲಿ ಬಿಟ್ಟರು. ಕೆಲಸ ಹೋಯಿತು, ಅದು ನಗುವ ವಿಷಯವಲ್ಲ. ಬಸ್ಸಿಳಿದಾಗ ಊರಿನವರು ಹಾರ ಹಾಕಿ ಮೆರವಣಿಗೆ ಮಾಡಿದರು. ಅತ್ತೆ ಆರತಿ ಎತ್ತಿ, "ಕಟ್ಕೊಂಡ ಹೆಂಡ್ತಿ ಮುಖಾನೂ ನೋಡ್ದೆ ದೇಶ ದೇಶ ಅಂತ ಹೋದ್ನಲ್ಲಾ ನನ್ನಪ್ಪ!" ಅಂತ ಕಣ್ಣೊರೆಸಿಕೊಂಡರಂತೆ.

"ಆಮ್ಯಾಕೆ?" ಅಂತ ನಾನು ಪೇದೆಯನ್ನು ಅವನದೇ ಧಾಟಿಯಲ್ಲಿ ಕೇಳಿದೆ.

"ಆಮ್ಯಾಕೇನು ಸಾ, ಚೈತ್ರದಾಗೆ ಮಗ ಉಟ್ತು. ಅತ್ತೆಮ್ಮ ಬೆಳ್ಳು ಮಡಿಚಿ ಎಣಿಸ್ತು, ಇನ್ನೊಂದ್ಸಲ ಎಣಿಸ್ತು. ಅವಾಗ್ಲೇ ಊರ್ಗೆ ಗೊತ್ತಾಗಿದ್ದು, ಎಕ್ಡ ಎಲ್ಲಿತ್ತು, ಕಾಲೆಲ್ಲಿತ್ತು ಅಂತ."

೪. ಕೆಂಪು ಉಂಗುಷ್ಟ

ಇದೊಂದನ್ನು ಹೇಳುವಾಗ ನನಗೆ ಈಗಲೂ ಬಾಯಿ ಕಹಿಯಾಗುತ್ತದೆ. ಕೇಳಿದವರು ಮಾತ್ರ ಎಲ್ಲಕ್ಕಿಂತ ಹೆಚ್ಚು ನಗುವುದು ಇದಕ್ಕೇ.

ಲಾಯರ್ರನ್ನು ಹಿಡಿದು ಜೈಲಿಗೆ ಹಾಕಿದರು. ಅದೇ ಸುಮಾರಿಗೆ ಹಾಸನದಲ್ಲಿ ಒಂದು ಮದುವೆಗೆ ಹೋಗಿದ್ದೆ. ಉಂಡು ಹೊರಗೆ ಬಂದರೆ ಚಪ್ಪಲಿ ಇಲ್ಲ. ಯುದ್ಧಕಾಲದ ಬೆಲೆಯಲ್ಲಿ ಹೊಸದು ತರುವ ಶಕ್ತಿ ಹಂಗಾಮಿ ಮೇಷ್ಟ್ರಿಗೆ ಎಲ್ಲಿಂದ ಬರಬೇಕು? ಬರಿಗಾಲಲ್ಲಿ ಸ್ಕೂಲಿಗೆ ಹೋದೆ, ಬರಿಗಾಲಲ್ಲೇ ಸಂಜೆ ಲಾಯರ್ರ ಮನೆಗೆ. ಯಜಮಾನರಿಲ್ಲದ ಮನೆ, ನೆಂಟರೂ ಹೆದರಿ ಆ ಕಡೆ ತಲೆಹಾಕುತ್ತಿರಲಿಲ್ಲ. ಹುಡುಗನಿಗೆ ಪಾಠ ಹೇಳಿ, ಅಮ್ಮನಿಗೆ ಪೇಟೆಯಿಂದ ಬೇಕಾದ್ದು ತಂದುಕೊಟ್ಟು ಬರುತ್ತಿದ್ದೆ.

ಹೋಗುವುದೇನೋ ಹೋಗುತ್ತಿದ್ದೆ, ಹೊಂಗೆ ಮರ ಕಂಡ ಕೂಡಲೇ ಹೆಜ್ಜೆ ನಿಧಾನವಾಗುತ್ತಿತ್ತು. ಪೇದೆಯೇ ಧೈರ್ಯ ಹೇಳಿದ.

"ನೀವು ಓಗಿ ಸಾ. ಎಕ್ಡ ಕಂಡ್ರೆ ಏಳು ಅಂದವ್ರೆ. ಬರೀ ಕಾಲಿಗೆ ಹುಕುಂ ಇಲ್ಲ."

ಒಂದು ಬೆಳಿಗ್ಗೆ ಹೆಡ್ ಮೇಷ್ಟ್ರು ನನ್ನನ್ನು ಕರೆದು ಕೈಕುಲುಕಿದರು. "ಖಾಯಂ ಆಯ್ತಪ್ಪ! ನಡತೆ ಒಳ್ಳೆಯದು ಅಂತ ಬಂದಿದೆ."

ನನಗೆ ಕಣ್ಣಲ್ಲಿ ನೀರು ಬಂತು. "ಹೇಗಾಯ್ತು ಸಾರ್?"

"ಕಳ್ಳ, ನನ್ನನ್ನೇ ಕೇಳ್ತೀಯಲ್ಲ! ಲಾಯರ್ ಮನೆ ಬಿಟ್ಟು ಈಗ ಹಗಲೂ ರಾತ್ರಿ ಇನ್ಸ್‌ಪೆಕ್ಟರ್ ಮನೇಲೇ ಇರ್ತೀಯಂತೆ. ಇನ್ಸ್‌ಪೆಕ್ಟರ್ ಮೇಲೂ ಕಣ್ಣಿಡೋಕೆ ಹಾಸನದಿಂದ ಒಬ್ಬನನ್ನ ಹಾಕಿದ್ದಾರಲ್ಲ, ಅವನ ವರದಿ."

ಇನ್ಸ್‌ಪೆಕ್ಟರ್ ಮನೆ ಕಡೆ ಓಡಿದೆ. ಜಗಲಿಯ ಮೇಲೆ ನನ್ನ ಚಪ್ಪಲಿ! ಒಂದು ಕರಿ, ಒಂದು ಕೆಂಪು, ಬೀದಿಯಲ್ಲಿ ಹೋಗಿಬರುವವರಿಗೆಲ್ಲ ಕಾಣುವ ಹಾಗೆ. ಒಳಗಿನಿಂದ ಇನ್ಸ್‌ಪೆಕ್ಟರ ಬಾಮೈದ ಬಂದ. ಅಕ್ಕನ ಮನೆಯಲ್ಲಿ ತಿಂದುಕೊಂಡು ಬಿದ್ದಿದ್ದ ಆಸಾಮಿ, ಬರಿಗಾಲಲ್ಲಿ ಮದುವೆಮನೆಗೆ ಹೋಗಿ ಮೆಟ್ಟಿಕೊಂಡು ಬರುವ ಜಾಣ. ನನ್ನ ಚಪ್ಪಲಿಗೆ ಕಾಲು ತೂರಿಸುತ್ತಾ, "ಏನ್ ಮೇಷ್ಟ್ರೇ, ಏನ್ ಬೇಕಿತ್ತು?" ಅಂದ.

ಏನು ಬೇಕಿತ್ತು ಅಂತ ಹೇಳಲಿ? ಚಪ್ಪಲಿ ಕೇಳಿದರೆ ಕೆಲಸ ಹೋಗುತ್ತಿತ್ತು. ನನ್ನ ಚಪ್ಪಲಿಗೆ ನಾನೇ ಕೈಮುಗಿದು ವಾಪಸ್ಸು ಬಂದೆ.

ಕೆಲವು ತಿಂಗಳಾದ ಮೇಲೆ ಲಾಯರ್ರ ಬಿಡುಗಡೆಯಾಯಿತು. ಬಿಡುಗಡೆ ಅಂದರೆ ಅವರಿಗೆ, ಹೊಂಗೆ ಮರದ ಪೇದೆಗಲ್ಲ. ಅವನು ಅಲ್ಲೇ ಇದ್ದ. ನಾನು ಖಾಯಂ ಸಂಬಳದಲ್ಲಿ ಕೊಂಡ ಹೊಸ ಚಪ್ಪಲಿ ಜಗಲಿಯಲ್ಲಿ ಬಿಟ್ಟು ಒಳಗೆ ಹೋದೆ. ಯಾವಾಗಲೂ "ಬಾರೋ" ಅನ್ನುತ್ತಿದ್ದವರು ಅವತ್ತು, "ಬನ್ನಿ ಮೇಷ್ಟ್ರೇ" ಅಂದರು.

"ಅಪ್ಪಾಜಿ, ಇನ್ಸ್‌ಪೆಕ್ಟರ್ ಮನೆ ಮುಂದಿನ ಆ ಚಪ್ಪಲಿ..."

ಅವರು ಕೈ ಎತ್ತಿದರು. "ಅಲ್ಲಿ ಒಳಗೆ ಏನು ಮಾತಾಡಿದ್ರಿ ಅಂತ ನಾನು ಕೇಳೋದಿಲ್ಲ. ಅದು ನಿಮ್ಮ ಸ್ವಂತ ವಿಷಯ. ಚಪ್ಪಲಿ ಅಲ್ಲಿತ್ತು, ಊರೆಲ್ಲ ನೋಡಿದೆ. ನಮ್ಮ ಮನೆಗೆ ಮಾತ್ರ ಬರಿಗಾಲಲ್ಲಿ ಬರ್ತಿದ್ರಂತೆ. ಅಷ್ಟು ಸಾಕು."

ಅಮ್ಮ ಅಡಿಗೆಮನೆ ಬಾಗಿಲಲ್ಲಿ ನಿಂತಿದ್ದರು. ಎಲೆ ಹಾಕಲೇನೋ ಅಂತ ಕೇಳಲಿಲ್ಲ. ಸರ್ಕಾರ ಮಾಡಿದ್ದಕ್ಕೆ ನನಗೆ ಬರೀ ಸಿಟ್ಟು ಬಂದಿತ್ತು, ಇದಕ್ಕೆ ಅಳು ಬಂತು. ನಾನು ಅನ್ನ ತಿಂದ ಮನೆ ಅದು.

ಹೊರಗೆ ಬಂದೆ. ಪೇದೆ ಮರದ ಕೆಳಗಿನಿಂದ ಕೂಗಿದ. "ಯಾಕ್ಸಾ, ಇಷ್ಟ್ ಬಿರ್ನೆ ಬಂದ್ಬುಟ್ರಿ? ಊಟ ಆಗ್ಲಿಲ್ವಾ?" ನನ್ನ ಮುಖ ನೋಡಿ, ಕಲ್ಲಿನ ಮೇಲೆ ಸರಿದು ಜಾಗ ಮಾಡಿದ. "ಬನ್ನಿ, ಕುತ್ಕಳಿ. ಒಳ್ಗೆ ಏನಂದ್ರು ಸಾ?"

ನಾನು ಅವನ ಬೆಲ್ಟು ನೋಡಿದೆ.

"ಅಯ್ಯೋ, ಠಾಣೆಗಲ್ಲ ಸಾ. ಸುಮ್ಕೆ ಕೇಳ್ದೆ."

ಅಷ್ಟು ದಿನಗಳಲ್ಲಿ ಒಳಗೆ ಏನು ಮಾತಾಡಿದಿರಿ ಅಂತ ನನ್ನನ್ನು ಕೇಳಿದವನು ಅವನೊಬ್ಬನೇ. ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದೆ, ಭಿನ್ನರಾಶಿಯಿಂದ ಹಿಡಿದು ಬಾಮೈದನವರೆಗೆ. ಅವನು ತಲೆಯಾಡಿಸುತ್ತಾ ಪೂರ್ತಿ ಕೇಳಿದ, ನಡುವೆ ಒಂದೆರಡು ಸಲ ಕಣ್ಣೂ ಒರೆಸಿಕೊಂಡ. ಆಮೇಲೆ ಎದ್ದು ಬೆಲ್ಟು ಬಿಗಿ ಮಾಡಿಕೊಂಡು ಹೊರಡುವ ಹೊತ್ತಿಗೆ ನಿಟ್ಟುಸಿರು ಬಿಟ್ಟ.

"ನಿಮ್ ತಪ್ಪೇನೂ ಇಲ್ಲ ಬುಡಿ ಸಾ, ನಂಗೆಲ್ಲಾ ಗೊತ್ತಾಯ್ತು. ಆದ್ರೆ ಯಾರ್ಗೂ ಏಳಂಗಿಲ್ವಲ್ಲ, ಒಳಗಿನ ಮಾತು ಬ್ಯಾಡ ಅಂದವ್ರೆ. ಹೊಸ ಎಕ್ಡ ಬಂತು, ಬಿರ್ನೆ ಓಯ್ತು. ನಾನು ಏಳೋದು ಅಷ್ಟೇಯ."