ಹೆಡ್ ಮಿಸ್ ಹಣೆಯ ಮೇಲೊಂದು ಪ್ರಯೋಗ

ಬನ್ನಿ, ಕಾಲು ಚಾಚಿ ಕೂತ್ಕೊಳ್ಳಿ. ಕಾಫಿ ಇಳಿಯೋ ಅಷ್ಟರಲ್ಲಿ ಹೇಳಿಬಿಡ್ತೀನಿ. ನಾನು ಶಾಲೆ ಮೆಟ್ಟಿಲು ಹತ್ತಿದವಳಲ್ಲ. ಶಾಲೆಯೇ ಬಸವನಗುಡಿಯ ನಮ್ಮ ಅಡುಗೆಮನೆಗೆ ಬಂತು. ಸೊಸೆ ವಿಜ್ಞಾನದ ಮಿಸ್. ಶನಿವಾರ ಮಕ್ಕಳನ್ನ ಕರ್ಕೊಂಡು ಬಂದು ಮನೆ ಸಾಮಾನಲ್ಲೇ ಪಾಠ ಮಾಡ್ತಾಳೆ. "ಕಂಡದ್ದನ್ನ ಕಂಡ ಹಾಗೇ ಹೇಳ್ಬೇಕು" ಅನ್ನೋದು ಅವಳ ಹಟ. ಹಾಗಾಗಿ ವಾರಕ್ಕೊಂದು ಫಜೀತಿ ತಪ್ಪಿದ್ದಲ್ಲ.

ಹೆಪ್ಪು

ಹಾಲಿಗೆ ಹೆಪ್ಪು ಹಾಕಿ, ಮುಟ್ಟದೆ ಕಾದು, ಮೊಸರು ತನ್ನಿ ಅಂದಿದ್ದಳು. ಎರಡು ಜಡೆ ಹುಡುಗಿಯ ಬಟ್ಟಲಲ್ಲಿ ಬರೀ ನೀರುನೀರು.

"ಮುಟ್ಟಿದ್ಯೇನೇ?"

"ಬೆರಳು ಹಾಕಿ ನೋಡ್ದೆ ಮಿಸ್. ನೆಕ್ಕಿದೆ. ಗೊತ್ತಾಗ್ಲಿಲ್ಲ. ಇನ್ನೊಂದು ಬೆರಳು ಹಾಕ್ದೆ."

"ಮೊಸರು ಕೆಟ್ರೆ ಕೆಡ್ಲಿ, ನಿಜ ಹೇಳಿದ್ಯಲ್ಲ, ಭೇಷ್!"

"ಹಾಗಾದ್ರೆ ಇದನ್ನೂ ಹೇಳ್ಬಿಡ್ತೀನಿ ಮಿಸ್. ಈಗ ತಾನೆ ಪಕ್ಕದಲ್ಲಿರೋ ಇವನ ಬಟ್ಟಲಿಗೂ ಬೆರಳು ಹಾಕ್ದೆ."

ಹುಣಸೆಹಣ್ಣು

ಹುಳಿ ಹೇಗೆ ಕಿಲುಬು ತೆಗೆಯುತ್ತೆ ಅಂತ ತೋರಿಸೋಕೆ ನಮ್ಮ ತಾಮ್ರದ ಹಂಡೆ ಕೊಟ್ಟೆ. ಒಬ್ಬ ಹುಡುಗ ಫಳಫಳ ಉಜ್ಜುತ್ತಿದ್ದಾಗ ಅವನ ತಾಯಿ ಬಂದರು.

"ಏನ್ರೀ ಇದು! ಮನೇಲಿ ಉಂಡ ತಟ್ಟೆ ಎತ್ತಲ್ಲ, ಇಲ್ಲಿ ಹಂಡೆ ಉಜ್ತಿದಾನೆ!"

"ಅಮ್ಮಾ, ಇದು ವಿಜ್ಞಾನ."

"ಹೌದಾ? ನಮ್ಮನೆ ಸಿಂಕ್ ತುಂಬಾ ವಿಜ್ಞಾನ ಬಿದ್ದಿದೆ, ನಡಿ!"

ಆರತಿ

ಆಕೆ ಅಷ್ಟಕ್ಕೇ ಬಿಡದೆ ಹೆಡ್ ಮಿಸ್‌ಗೂ ದೂರು ಕೊಟ್ಟರು. "ಶನಿವಾರ ಬಂದು ನೋಡ್ತೀನಿ. ಬರೀ ಪಾತ್ರೆ ತಿಕ್ಕೋದಾದ್ರೆ ಈ ಪಾಠ ಬಂದ್" ಅಂದರಂತೆ ಹೆಡ್ ಮಿಸ್. ಸೊಸೆ ಸೆರಗು ಸಿಕ್ಕಿಸಿ, "ಬರ್ಲಿ ಅತ್ತೆ, ಪಾಠ ಮಾತ್ರ ನಾನು ಬಿಡಲ್ಲ" ಅಂದಳು.

ಆ ಶನಿವಾರ ಮಕ್ಕಳು ನನ್ನ ಎಲೆಅಡಿಕೆ ಡಬ್ಬಿಯ ಸುಣ್ಣವನ್ನೆಲ್ಲ ಬಳಿದು, ಅರಿಶಿನದ ನೀರಿಗೆ ಕಲಸಿ ಕೆಂಪು ಮಾಡಿ ತಟ್ಟೆಯಲ್ಲಿಟ್ಟಿದ್ದರು. ಹೆಡ್ ಮಿಸ್ ಎದುರಿಗೆ ನಿಂಬೆರಸ ಹಿಂಡಿ ಅದನ್ನ ಮತ್ತೆ ಹಳದಿ ಮಾಡೋದಿತ್ತು. ನನಗೇನು ಗೊತ್ತು? ದೊಡ್ಡವರು ಮೊದಲ ಸಲ ಬರ್ತಿದಾರೆ, ಸೊಸೆ ಆರತಿಗೇ ಕಲಸಿದ್ದಾಳೆ ಅಂದ್ಕೊಂಡೆ. ಹೊಸ್ತಿಲಲ್ಲಿ ನಿಲ್ಲಿಸಿ ಆರತಿ ಎತ್ತಿ, ಹಣೆಗೆ ಬೊಟ್ಟಿಟ್ಟು, ಮಿಕ್ಕಿದ್ದನ್ನ ರಂಗೋಲಿ ಮೇಲೆ ಸುರಿದೆ.

ಸೊಸೆ ಮುಖ ಬಿಳಿಚಿತು. ಹೆಡ್ ಮಿಸ್ ಕೂತು, "ಎಲ್ಲಮ್ಮ ಪ್ರಯೋಗ?" ಅಂದರು.

ಎರಡು ಜಡೆ ಎದ್ದು ನಿಂತಳು. "ಅಜ್ಜಿ ಚೆಲ್ಲಿಬಿಟ್ರು ಮಿಸ್. ಒಂದು ತೊಟ್ಟು ಮಾತ್ರ ಉಳಿದಿದೆ, ನಿಮ್ಮ ಹಣೆ ಮೇಲೆ." ಅಂದವಳೇ ನಿಂಬೆರಸದಲ್ಲಿ ಬೆರಳದ್ದಿ, ಬೊಟ್ಟಿನ ಮೇಲೆ ಇಟ್ಟೇಬಿಟ್ಟಳು! ಕೆಂಪು ಹಳದಿಯಾಯ್ತು. ಮಕ್ಕಳು ಹೋ ಅಂದವು.

ಹೆಡ್ ಮಿಸ್ ಗಂಭೀರವಾಗಿ, "ನೀವೆಲ್ಲ ನೋಡಿದ್ರಿ, ನಾನು ನೋಡ್ಲಿಲ್ಲ. ಕಂಡದ್ದನ್ನೇ ಹೇಳ್ಬೇಕು ತಾನೆ? ಮುಂದಿನ ವಾರ ಇನ್ನೊಂದು ಸಲ ಮಾಡಿ" ಅಂದರು.

ಪಾಠ ಇವತ್ತಿಗೂ ನಡೀತಿದೆ. ಹಂಡೆ ಹುಡುಗ ಮನೇಲೂ ತಟ್ಟೆ ತೊಳೀತಾನೆ. ದೂರು ಕೊಟ್ಟ ಅವನಮ್ಮನೇ ಈಗ ಹುಣಸೆಹಣ್ಣು ಕಳಿಸ್ತಾರೆ. ಎರಡು ಜಡೆ ಇನ್ನೂ ಎಲ್ಲದಕ್ಕೂ ಬೆರಳು ಹಾಕ್ತಾಳೆ. ಸೊಸೆ ನನಗೆ ಬೇರೆ ಸುಣ್ಣದ ಡಬ್ಬಿ ತಂದುಕೊಟ್ಟಿದ್ದಾಳೆ. ಹೆಡ್ ಮಿಸ್ಸಾ? ನಮ್ಮನೆಗೆ ಬರುವಾಗ ಕೈಲಿ ಕನ್ನಡಿ ಹಿಡ್ಕೊಂಡೇ ಬರ್ತಾರೆ.