ದೃಷ್ಟಪ್ಪನ ಹಾಲ್ ಟಿಕೆಟ್

"ಎಲ್ಲರೂ ಒಂದ್ ಹೆಜ್ಜೆ ಹಿಂದೆ ಸರೀರಿ! ಮುಚ್ಚಳ ತೆಗೀತಾ ಇದ್ದೀನಿ!" ಎಂದು ಪಂಚಾಕ್ಷರಯ್ಯನವರು ಕೂಗಿದರು.

ಎಲ್ಲರೂ ಎಂದರೆ ಇಬ್ಬರು. ಹೆಂಡತಿ ಸರ್ವಮಂಗಳ ಮತ್ತು ಪಕ್ಕದ ಮನೆಯ ದಾಕ್ಷಾಯಣಿ. ಇಬ್ಬರೂ ನಾಲ್ಕು ಹೆಜ್ಜೆ ಸರಿದರು. ಮೂವತ್ತು ವರ್ಷ ಟೆಲಿಫೋನ್ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದ ಈ ಮಹಾನುಭಾವರು ಹಿಂದಿನ ಸಲ ಮುಚ್ಚಳ ತೆಗೆದದ್ದು ತಾನಾಗಿಯೇ ಕಾಯಿ ತುರಿಯುವ ಯಂತ್ರದ್ದು. ಆ ತುರಿ ಇನ್ನೂ ಮನೆಯ ಸೂರಿಗೆ ಅಂಟಿಕೊಂಡಿದೆ. ತಿಪಟೂರಿನಲ್ಲಿ ಕಾಯಿಗೆ ಬರವಿಲ್ಲ, ಅದು ಬೇರೆ ಮಾತು.

ಡಬ್ಬದಿಂದ ಹೊರಬಂದದ್ದು ಒಂದು ದೃಷ್ಟಿಬೊಂಬೆ. ಹೊಸ ಮನೆ ಕಟ್ಟುವಾಗ ಕಂಡವರ ಕಣ್ಣು ಬೀಳದಿರಲಿ ಎಂದು ಮುಂದೆ ತೂಗುಹಾಕುತ್ತಾರಲ್ಲ, ಅದೇ! ಕೆಂಪು ಮುಖ, ಗಿರಿಜಾ ಮೀಸೆ, ಹೊರಗೆ ಬಿದ್ದ ಗುಡ್ಡೆಗಣ್ಣು, ಹಲ್ಲಿನ ಮಧ್ಯೆ ಕಚ್ಚಿಹಿಡಿದ ನಾಲಿಗೆ. ತಲೆಯ ಹಿಂಭಾಗದಲ್ಲಿ ಮಾತ್ರ ವೈರುಗಳ ಗೊಂಚಲು.

"ಇವನ ಹೆಸರು ದೃಷ್ಟಪ್ಪ! ಹಿಂದೆ ಕಣ್ಣು ಹಾಕೋರು ರಸ್ತೇಲಿ ಇರ್ತಿದ್ರು. ಈಗ ಇಂಟರ್ನೆಟ್ಟಲ್ಲಿದ್ದಾರೆ! ನಾವು ಏನು ಹುಡುಕ್ತೀವಿ, ಏನು ನೋಡ್ತೀವಿ, ಎಷ್ಟೊತ್ತು ನೋಡ್ತೀವಿ, ಎಲ್ಲಾ ಬರ್ಕೋತಾರೆ. ಇನ್ಮೇಲೆ ಈ ಮನೆಯಿಂದ ಯಾರ ಹೆಸರೂ ಹೊರಗೆ ಹೋಗಲ್ಲ, ಯಾರ ಮುಖಾನೂ ಹೋಗಲ್ಲ. ಏನೇ ಹೋದ್ರೂ ಇವಂದೇ ಹೆಸರು, ಇವಂದೇ ಮುಖ! ಎಲ್ಲಿ ಕಣ್ಣು ಜಾಸ್ತಿನೋ ಅಲ್ಲಿಗೆ ಇವನೇ ಹೋಗಿ ನಿಲ್ತಾನೆ. ನೋಡೋರೆಲ್ಲ ಇವನನ್ನ ನೋಡ್ಕೊಂಡು ಸಾಯ್ಲಿ!"

ಸರ್ವಮಂಗಳ ಚಪ್ಪಾಳೆ ತಟ್ಟಿದರು. ದಾಕ್ಷಾಯಣಿ ಬೆರಗಾಗಿ ನೋಡಿದಳು. ಮದುವೆಯಾಗಿ ಮೂವತ್ತನಾಲ್ಕು ವರ್ಷವಾದರೂ ಗಂಡನ ಯಂತ್ರಕ್ಕೆ ಈ ಹೆಂಗಸು ಚಪ್ಪಾಳೆ ತಟ್ಟಿದ್ದೇ ಇಲ್ಲ. ನೀರು ಎರಚಿ ಬೆಂಕಿ ಆರಿಸಿದ್ದುಂಟು, ಅಷ್ಟೇ.

ಆ ಚಪ್ಪಾಳೆಗೆ ಕಾರಣವಿತ್ತು. ಸರ್ವಮಂಗಳ ಬೀದಿಯ ಮಹಿಳಾ ಸಮಾಜದ ಅಧ್ಯಕ್ಷೆ. "ನನ್ನ ಹೆಂಡ್ತಿ ಆ ಕಾಲದ ಎಸ್ಸೆಸ್ಸೆಲ್ಸಿ, ಮೊದಲನೇ ಸಲಕ್ಕೇ ಪಾಸು!" ಎಂದು ಪಂಚಾಕ್ಷರಯ್ಯ ಕಂಡಕಂಡವರ ಮುಂದೆ ಜಂಭ ಕೊಚ್ಚುತ್ತಿದ್ದರು. ಸತ್ಯ ಏನೆಂದರೆ ಆಕೆ ಗಣಿತದಲ್ಲಿ ಫೇಲು. ಇಪ್ಪತ್ತಾರು ಅಂಕ. ಮದುವೆ ಮಾತುಕತೆಯಲ್ಲಿ ಅವರಪ್ಪ "ಪಾಸು" ಎಂದುಬಿಟ್ಟರು, ಆ ಮಾತು ಗಂಟಲಲ್ಲಿ ಸಿಕ್ಕಿದ ಮುಳ್ಳಿನಂತೆ ಇಂದಿಗೂ ಉಳಿದಿತ್ತು. ಸಮಾಜದ ಸಭೆಯಲ್ಲಿ ಯಾರಾದರೂ ಶಾಲೆಯ ಮಾತೆತ್ತಿದರೆ ಆಕೆ ಕಾಫಿ ತರುವ ನೆಪದಲ್ಲಿ ಎದ್ದುಹೋಗುತ್ತಿದ್ದರು.

ಈ ವರ್ಷ ಆಕೆ ಹಟ ತೊಟ್ಟಿದ್ದರು. ಗುಟ್ಟಾಗಿ ಗಣಿತ ಕಟ್ಟಿ ಪಾಸು ಮಾಡಿ, ಆ ಸುಳ್ಳನ್ನು ನಿಜ ಮಾಡಿಬಿಡಬೇಕು! ಅದಕ್ಕೇ ಅಡುಗೆಮನೆಯಲ್ಲಿ ಫೋನ್ ಒರಗಿಸಿ, ಸೊಪ್ಪು ಸೋಸುತ್ತ ಪಾಠದ ವಿಡಿಯೋ ನೋಡುತ್ತಿದ್ದರು. ಒಂದೇ ವಾರದಲ್ಲಿ ಗಂಡನ ಫೋನಿನಲ್ಲಿ, ಟೀವಿಯಲ್ಲಿ, ಎಲ್ಲೆಲ್ಲೂ ಜಾಹೀರಾತು: "ಗಣಿತದಲ್ಲಿ ಫೇಲಾದಿರಾ? ನಾಚಿಕೆ ಬೇಡ, ನಾವಿದ್ದೇವೆ!"

"ಯಾವನೋ ಅವನು ನಮ್ಮನೇಲಿ ಫೇಲಾದೋನು?" ಎಂದು ಪಂಚಾಕ್ಷರಯ್ಯ ಟೀವಿಗೇ ಬೈದಿದ್ದರು. "ಮಾನವಂತರ ಮನೆಗೆ ಬಂದು ಇಂಥ ಮಾತಾ!" ಆ ಕೋಪದಲ್ಲಿ ಹುಟ್ಟಿದವನೇ ದೃಷ್ಟಪ್ಪ.

ಬೊಂಬೆಯನ್ನು ಬಾಗಿಲ ಮೇಲೆ ನೇತುಹಾಕಿ ಸ್ವಿಚ್ ಒತ್ತಿದ್ದೇ ತಡ, ಕಣ್ಣು ಕೆಂಪಗೆ ಮಿನುಗಿತು. "ಕಣ್ಣು ಬಿತ್ತು!" ಎಂದು ಪಂಚಾಕ್ಷರಯ್ಯನವರದೇ ದನಿಯಲ್ಲಿ ಕೂಗಿತು.

"ನೋಡಿದ್ರಾ? ಯಾವನೋ ಇಣುಕಿ ನೋಡ್ದ, ಸಿಕ್ಕಿಬಿದ್ದ!" ಎಂದರು ಪಂಚಾಕ್ಷರಯ್ಯ.

ಗಣಿತದ ಜಾಹೀರಾತು ನಿಂತೇಹೋಯಿತು! ಬದಲಿಗೆ ಮೀಸೆಗೆ ಹಚ್ಚುವ ಎಣ್ಣೆಯದು ಬಂತು. ಸರ್ವಮಂಗಳ ನೆಮ್ಮದಿಯ ಉಸಿರು ಬಿಟ್ಟರು. ಇನ್ನು ಯಾರ ಭಯ? ಅದೇ ವಾರ ಅಡುಗೆಮನೆಯಲ್ಲಿ ಕೂತು ಫೋನಿನಲ್ಲೇ ಪರೀಕ್ಷೆಯ ಅರ್ಜಿ ತುಂಬಿದರು. ಹೆಸರು, ವಿಳಾಸ, ರೇಷ್ಮೆ ಸೀರೆಯುಟ್ಟು ತೆಗೆಸಿದ ಒಂದು ಫೋಟೋ. ಒತ್ತಿ ಕಳಿಸಿದರು.

ಬಾಗಿಲ ಮೇಲಿನಿಂದ ದೃಷ್ಟಪ್ಪ "ಕಣ್ಣು ಬಿತ್ತು!" ಎಂದ. ಆಕೆ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಅಯ್ಯೋ, ತೆಗೆದುಕೊಳ್ಳಬೇಕಿತ್ತು!

ತಿಂಗಳೊಪ್ಪತ್ತಿನಲ್ಲಿ ದೃಷ್ಟಪ್ಪ ಊರಿಗೆ ಬೇಕಾದವನಾದ. ಎಲ್ಲಿ ಹೆಚ್ಚು ಕಣ್ಣು ಬೀಳುತ್ತದೋ ಅಲ್ಲಿಗೇ ಹೋಗುವಂತೆ ಅವನನ್ನು ಮಾಡಿದ್ದರಲ್ಲ, ಅವನು ಕಂಡ ಫಾರಮ್ಮನ್ನೆಲ್ಲ ತುಂಬಿದ. ನಾಲಿಗೆ ಉಜ್ಜುವ ಪಟ್ಟಿ ಮಾರುವವನೊಬ್ಬ ಉಚಿತ ಸ್ಯಾಂಪಲ್ ಹಿಡಿದು ಬಂದು, ಗ್ರಾಹಕರ ನಾಲಿಗೆ ನೋಡಿ ಹಿಂದೆ ತಿರುಗಿ ನೋಡದೆ ಓಡಿದ. ಆಮೇಲೆ ಮದುವೆ ದಲ್ಲಾಳಿ ರುದ್ರಮುನಿ ಎರಡು ಜಾತಕ ಹಿಡಿದು ಬಂದರು.

"ನಿಮ್ಮ ದೃಷ್ಟಪ್ಪನವರು ವಧು ಬೇಕು ಅಂತ ಹಾಕಿದ್ದಾರಲ್ಲ. ಒಬ್ಬನೇ ಮಗ, ದುರಭ್ಯಾಸ ಇಲ್ಲ, ಗಣಿತದಲ್ಲಿ ಆಸಕ್ತಿ ಅಂತ. ಎಲ್ಲಿ ಹುಡುಗ?"

ಸರ್ವಮಂಗಳ ಬಾಗಿಲ ಮೇಲೆ ಕೈ ತೋರಿಸಿದರು. ದಲ್ಲಾಳಿ ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು.

"ಬಣ್ಣ ಸ್ವಲ್ಪ ಜಾಸ್ತಿ. ಇದಕ್ಕಿಂತ ಕೆಟ್ಟವರಿಗೂ ಮಾಡಿಸಿದ್ದೀನಿ, ಬಿಡಿ. ಓದು ಎಲ್ಲೀವರೆಗೆ?"

ಓದಿನ ಉತ್ತರ ಮಾರ್ಚಿನಲ್ಲಿ ಅಂಚೆಯಲ್ಲಿ ಬಂತು. ಲಕೋಟೆ ಬಿಚ್ಚಿದವರು ಪಂಚಾಕ್ಷರಯ್ಯ.

"ಲೇ ಮಂಗಳಾ! ಬಾರೇ ಇಲ್ಲಿ! ನಮ್ಮ ದೃಷ್ಟಪ್ಪ ಎಸ್ಸೆಸ್ಸೆಲ್ಸಿ ಕಟ್ಟಿದ್ದಾನೆ ಕಣೇ! ಹಾಲ್ ಟಿಕೆಟ್ ಬಂದಿದೆ! ವಿಷಯ ಗಣಿತ! ಫೋಟೋ ನೋಡು, ಮೀಸೆ ಎಷ್ಟು ಸ್ಪಷ್ಟವಾಗಿ ಬಿದ್ದಿದೆ!"

ಸರ್ವಮಂಗಳ ಓಡಿಬಂದು ನೋಡಿದರು. ರೇಷ್ಮೆ ಸೀರೆ ಇರಬೇಕಾದ ಜಾಗದಲ್ಲಿ ಕಚ್ಚಿದ ನಾಲಿಗೆ. ಹಾಗೇ ಹೊಸ್ತಿಲ ಮೇಲೆ ಕೂತುಬಿಟ್ಟರು.

"ಅದು ನನ್ನ ಹಾಲ್ ಟಿಕೆಟ್ಟು ರೀ."

"ಏನಂದೆ?"

"ನಂದು. ನಾನು ಗಣಿತದಲ್ಲಿ ಫೇಲು. ಅಪ್ಪ ನಿಮ್ಮೋರ ಹತ್ರ ಪಾಸು ಅಂದ್ಬಿಟ್ರು."

"ಅಂದ್ರೆ ನಿಮ್ಮಪ್ಪ ನಮಗೆ ಸುಳ್ಳು ಹೇಳಿದ್ರಾ!"

"ನಿಮ್ಮಪ್ಪ, ಹುಡುಗ ಬುದ್ಧಿವಂತ ಅಂದಿದ್ರು. ನಾವು ಸುಮ್ನೆ ಇಲ್ವಾ?"

ಪಂಚಾಕ್ಷರಯ್ಯ ಹಾಲ್ ಟಿಕೆಟ್ಟನ್ನು ಮತ್ತೊಮ್ಮೆ ತಿರುಗಿಸಿ ನೋಡಿದರು. ಮೆಲ್ಲಗೆ ಕೇಳಿದರು: "ಹಾಗಾದ್ರೆ ಆ ಜಾಹೀರಾತು ಸರಿಯಾದ ಮನೆಗೇ ಬರ್ತಿತ್ತಾ?"

"ಹೂಂ. ಇಷ್ಟು ವರ್ಷದಲ್ಲಿ ನನ್ನ ಕಷ್ಟ ಏನು ಅಂತ ಕೇಳಿದ್ದು ಅದೊಂದೇ. ಅದನ್ನೂ ನೀವು ಓಡಿಸಿದ್ರಿ!" ಎಂದು ಸರ್ವಮಂಗಳ ಅತ್ತೇಬಿಟ್ಟರು. ದುಃಖಕ್ಕಿಂತ ಹೆಚ್ಚಾಗಿ ಸಿಟ್ಟಿನಿಂದ ಅತ್ತರು.

 ಪಂಚಾಕ್ಷರಯ್ಯ ಆಗಿಂದಾಗಲೇ ಕೂತು ಹೆಸರಿನ ತಿದ್ದುಪಡಿಗೆ ಫೋನಿನಲ್ಲೇ ಅರ್ಜಿ ಬರೆದು ಕಳಿಸಿದರು. ಮನೆಯಿಂದ ಹೋಗುವ ಅರ್ಜಿ ತಾನೇ? ಅದೂ ದೃಷ್ಟಪ್ಪನ ಕೈ ದಾಟಿಯೇ ಹೋಗಬೇಕು. ಮರುದಿನ ಉತ್ತರ ಬಂತು: "ನಿಮ್ಮ ಹೆಸರು ದೃಷ್ಟಪ್ಪ ಎಂದು ತಪ್ಪಾಗಿ ನಮೂದಾಗಿದ್ದು, ಅದನ್ನು ದೃಷ್ಟಪ್ಪ ಎಂದು ತಿದ್ದಬೇಕೆಂಬ ನಿಮ್ಮ ಕೋರಿಕೆಯನ್ನು ಮನ್ನಿಸಲಾಗಿದೆ."

ಕೊನೆಗೆ ಇಬ್ಬರೂ ಪರೀಕ್ಷಾ ಕೇಂದ್ರದ ಮುಖ್ಯೋಪಾಧ್ಯಾಯರ ಮುಂದೆ ಹೋಗಿ ನಿಂತರು. ಅವರು ಹಾಲ್ ಟಿಕೆಟ್ ನೋಡಿದರು, ಸರ್ವಮಂಗಳರನ್ನು ನೋಡಿದರು.

"ತಿದ್ದೋ ದಿನ ಮುಗಿದೋಯ್ತಮ್ಮ. ಈ ಸಲ ಗೇಟಲ್ಲಿ ಮುಖ ನೋಡೋ ಕ್ಯಾಮೆರಾ ಇಟ್ಟಿದ್ದಾರೆ. ಮೂರು ಸಲ ನೋಡುತ್ತೆ. ಅದು ಒಪ್ಪಿದ್ರೆ ಒಳಗೆ ಬನ್ನಿ, ನಂದೇನೂ ಅಭ್ಯಂತರ ಇಲ್ಲ. ಒಪ್ಪದಿದ್ರೆ ನಾನೇನೂ ಮಾಡೋ ಹಾಗಿಲ್ಲ."

ಪರೀಕ್ಷೆಯ ದಿನ ಸರ್ವಮಂಗಳ ದೇವರಿಗೆ ದೀಪ ಹಚ್ಚಿ, ಸೂತ್ರಗಳನ್ನು ಬಾಯಲ್ಲೇ ಗುಣುಗುಣಿಸುತ್ತ ಗೇಟಿನ ಮುಂದೆ ನಿಂತರು. ಹಿಂದೆ ಸಾಲುಗಟ್ಟಿದ ಮಕ್ಕಳು "ಅಜ್ಜಿ, ಬೇಗ!" ಎನ್ನುತ್ತಿದ್ದರು.

ಕ್ಯಾಮೆರಾ ನೋಡಿತು. "ಹೊಂದಿಕೆಯಾಗಿಲ್ಲ" ಎಂದಿತು.

ಸರ್ವಮಂಗಳ ಸೆರಗು ಸರಿಮಾಡಿಕೊಂಡು ಮತ್ತೆ ನಿಂತರು. "ಹೊಂದಿಕೆಯಾಗಿಲ್ಲ."

ಉಳಿದದ್ದು ಒಂದೇ ಸಲ. ಒಳಗೆ ಗಂಟೆ ಹೊಡೆಯಿತು. ವರ್ಷವಿಡೀ ಸೊಪ್ಪಿನ ಜೊತೆ ಸೋಸಿಕೊಂಡ ಗಣಿತವೆಲ್ಲ ಈ ಗೇಟಿನ ಹೊರಗೇ ಉಳಿಯುತ್ತದೆಯೇ? ಆಗ ಪಕ್ಕದಲ್ಲಿದ್ದ ಪಂಚಾಕ್ಷರಯ್ಯ ಸಮಾಧಾನ ಮಾಡಲು ಹೋದರು.

"ಹೋಗ್ಲಿ ಬಿಡೇ. ಮುಂದಿನ ವರ್ಷ ಕಟ್ಟಿದ್ರಾಯ್ತು. ಅಷ್ಟರಲ್ಲಿ ನಾನು ಇದಕ್ಕಿಂತ ಒಳ್ಳೇ ಮೆಷಿನ್ನು..."

ಸರ್ವಮಂಗಳ ಗಂಡನ ಕಡೆ ತಿರುಗಿದರು. ಸೂರಿಗಂಟಿದ ಕಾಯಿತುರಿ, ಮೂವತ್ತನಾಲ್ಕು ವರ್ಷದ ಜಂಭ, ರೇಷ್ಮೆ ಸೀರೆಯ ಫೋಟೋ, ಎಲ್ಲ ಒಟ್ಟಿಗೇ ತಲೆಗೇರಿತು. ಮುಖ ಕೆಂಪಡರಿತು. ಕಣ್ಣುಗುಡ್ಡೆ ಹೊರಬಂತು. ಬೆರಳೆತ್ತಿ, "ಇನ್ನೊಂದು ಮೆಷಿನ್ನು ಅಂದ್ರೆ!" ಎಂದು ಗುಡುಗಿ, ನಾಲಿಗೆಯನ್ನು ಹಲ್ಲಿನ ಮಧ್ಯೆ ಮಡಚಿ ಕಚ್ಚಿ, ಅದೇ ಮುಖವನ್ನು ಕ್ಯಾಮೆರಾದತ್ತ ತಿರುಗಿಸಿದರು.

ಟಿಂಗ್! ಹಸಿರು ದೀಪ ಹತ್ತಿತು. "ಹೊಂದಿಕೆಯಾಗಿದೆ. ಶುಭವಾಗಲಿ, ದೃಷ್ಟಪ್ಪ!"

ಮೀಸೆಯ ಬಗ್ಗೆ ಕ್ಯಾಮೆರಾ ಚಕಾರವೆತ್ತಲಿಲ್ಲ. ಸರ್ವಮಂಗಳ ಒಂದು ಕ್ಷಣ ನಿಂತು, ಆಮೇಲೆ ಸೆರಗು ಬಿಗಿದು ಒಳಗೆ ಓಡಿದರು.

ಫಲಿತಾಂಶ ಬಂತು. ದೃಷ್ಟಪ್ಪ, ಗಣಿತ, ಎಪ್ಪತ್ತೊಂದು, ಉತ್ತೀರ್ಣ! ದಾಕ್ಷಾಯಣಿ ಸಕ್ಕರೆ ತಂದು ಬೊಂಬೆಯ ನಾಲಿಗೆಗೆ ಸವರಿದಳು. ಬೊಂಬೆಗೆ ಮೆಟ್ರಿಕ್ ಪಾಸು ಮಾಡಿಸಿದ ವಿಜ್ಞಾನಿ ಎಂದು ಬೀದಿಯೆಲ್ಲ ಪಂಚಾಕ್ಷರಯ್ಯನವರನ್ನು ಕೊಂಡಾಡಿತು. ಅವರು ಮಾತ್ರ ತಲೆ ತಗ್ಗಿಸಿಕೊಂಡು ಒಳಗೆ ಹೋದರು. ತಮ್ಮ ಕೈಯಾರೆ ಕಾಫಿ ಮಾಡಿ, ಜೀವನದಲ್ಲಿ ಮೊದಲ ಸಲ ಯಾವ ಯಂತ್ರವನ್ನೂ ಬಳಸದೆ, ಹೆಂಡತಿಯ ಮುಂದಿಟ್ಟರು.

"ಎಪ್ಪತ್ತೊಂದು ಕಣೇ! ನನಗೆ ಬಂದಿದ್ದು ಮೂವತ್ತಾರು," ಎಂದರು. "ಹೊರಗೆ ಹೋಗಿ ನಿಜ ಹೇಳ್ಬಿಡ್ಲಾ?"

"ಏನೂ ಬೇಡ. ನನಗೆ ಗೊತ್ತಲ್ಲ, ಸಾಕು," ಎಂದು ಸರ್ವಮಂಗಳ ಕಣ್ಣೊರೆಸಿಕೊಂಡು ನಕ್ಕರು. ಎಷ್ಟೋ ವರ್ಷದ ಮೇಲೆ ಹೊಟ್ಟೆತುಂಬ ನಕ್ಕರು.

ಅಷ್ಟರಲ್ಲಿ ಫೋನಿಗೆ ಒಂದು ಮೆಸೇಜು ಬಂತು. "ದೃಷ್ಟಪ್ಪನವರೇ, ಅಭಿನಂದನೆಗಳು! ಪಿಯುಸಿಗೆ ಸೇರುವಿರಾ?"

ಸರ್ವಮಂಗಳ ಹೌದು ಎಂದು ಒತ್ತಿದರು. ಬಾಗಿಲ ಮೇಲೆ "ಕಣ್ಣು ಬಿತ್ತು!" ಎಂದು ಕೂಗು ಕೇಳಿಸಿತು.

ಪಂಚಾಕ್ಷರಯ್ಯ ಗಾಬರಿಯಾಗಿ ಎದ್ದರು. "ತಡಿಯೇ, ಮೊದ್ಲು ಆ ಬೊಂಬೆ ಬಿಚ್ಚಿಹಾಕ್ತೀನಿ!"

"ಇರ್ಲಿ ಬಿಡ್ರೀ," ಎಂದರು ಸರ್ವಮಂಗಳ ಕಾಫಿ ಹೀರುತ್ತ. "ಪರೀಕ್ಷೆ ದಿನ ನೀವು ಗೇಟಿನ ಹತ್ರ ಬಂದು ಏನಾದ್ರೂ ಒಂದು ಮಾತಾಡಿ. ಮುಖ ತಾನಾಗೇ ಹೊಂದಿಕೊಳ್ಳುತ್ತೆ."